‘ಆ ಹಾಡಿನ ಕತೆ ನಿಜವಾಗಿ ನಡೆದದ್ದಾ?’

ಅಮೆರಿಕದ ಹಾಡುಗಾರ ಹ್ಯಾರಿ ಚಾಪಿನ್‌ನ ಹಾಡು ಯಾರಿಗೆ ಕೇಳಿಸಿದರೂ ಕೊನೆಯ ಸ್ವರ ಅಡಗುವ ಮೊದಲೇ ಈ ಪ್ರಶ್ನೆ ಬರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇ ಇಡುತ್ತೇನೆ: ಒಂದಿಷ್ಟು ನಡೆದದ್ದು, ಉಳಿದದ್ದು ಕಟ್ಟಿದ್ದು. ಯಾವುದು ಎಷ್ಟು ಅಂತಲೂ ಹೇಳುತ್ತೇನೆ. ಆದರೆ ‘ಓ, ಸುಳ್ಳಾ ಹಾಗಾದ್ರೆ’ ಎಂದು ಮುಖ ಸಪ್ಪಗೆ ಮಾಡಬೇಡಿ. ನನಗೆ ಸಿಟ್ಟು ಬರುವುದು ಅಲ್ಲೇ. ಪುಣ್ಯಕೋಟಿಯ ಹುಲಿ ಯಾವ ತಾಲೂಕಿನದು ಎಂದು ನಾವು ಯಾವತ್ತಾದರೂ ಕೇಳಿದ್ದೇವಾ?

ಚಾಪಿನ್ 1942ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ. 1981ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡ. ಗಿಟಾರ್ ಹಿಡಿದು, ಪಕ್ಕದಲ್ಲಿ ಚೆಲೋ (ದೊಡ್ಡ ಪಿಟೀಲಿನಂಥ ವಾದ್ಯ) ಕೂರಿಸಿಕೊಂಡು, ಆರೇಳು ನಿಮಿಷದ ಕತೆಗಳನ್ನು ಹಾಡುತ್ತಿದ್ದವನು. 1972ರ ‘ಟ್ಯಾಕ್ಸಿ’ ಅವನಿಗೆ ಹೆಸರು ತಂದ ಹಾಡು. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮಳೆಯ ರಾತ್ರಿ ಟ್ಯಾಕ್ಸಿ ಹತ್ತಿದ ಹೆಂಗಸು ಚಾಲಕನ ಹಳೆಯ ಪ್ರೇಯಸಿ. ಎರಡೂವರೆ ಡಾಲರ್ ಬಾಡಿಗೆಗೆ ಇಪ್ಪತ್ತು ಡಾಲರ್ ಕೊಟ್ಟು, ಚಿಲ್ಲರೆ ಇಟ್ಟುಕೋ ಅನ್ನುತ್ತಾಳೆ. ಚಾಲಕನ ಹೆಸರೂ ಹ್ಯಾರಿ. ಚಾಪಿನ್ ಟ್ಯಾಕ್ಸಿ ಲೈಸೆನ್ಸ್ ಮಾಡಿಸಿದ್ದು ನಿಜ. ಆದರೆ ಗಾಡಿ ಓಡಿಸುವ ಮೊದಲೇ ಸಿನಿಮಾ ಕೆಲಸ ಸಿಕ್ಕಿತು. ಆ ಮಳೆ, ಆ ಸವಾರಿ, ಆ ನೋಟು ಎಲ್ಲ ಕಟ್ಟಿದ್ದು. ಕಟ್ಟಿದ್ದೆಂದು ತಿಳಿದ ಮೇಲೂ ಆ ಇಪ್ಪತ್ತರ ನೋಟನ್ನು ಅವನು ಅಂಗಿಯ ಜೇಬಿಗೆ ತುರುಕಿಕೊಳ್ಳುವಾಗ ಆಗುವ ಅವಮಾನ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

‘ಕ್ಯಾಟ್ಸ್ ಇನ್ ದ ಕ್ರೇಡಲ್’ ಬಗ್ಗೆ ಕೇಳುವವರೇ ಹೆಚ್ಚು, ‘ಅವನು ಅಷ್ಟು ಕೆಟ್ಟ ಅಪ್ಪನಾ?’ ಎಂದು. ಮಗನಿಗೆ ಹೊತ್ತು ಕೊಡದ ಅಪ್ಪನೊಬ್ಬನ ಹಾಡು ಅದು. ಅದರ ಮೂಲ ಚಾಪಿನ್ ಹೆಂಡತಿ ಸ್ಯಾಂಡಿ ಬರೆದ ಕವಿತೆ. 1974ರ ಕೊನೆಗೆ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಲ್ಲಿ ಕಿವಿಗೊಟ್ಟು ಕೇಳಬೇಕಾದದ್ದು ಪಲ್ಲವಿ. ನಾಲ್ಕು ಚರಣ: ಮಗು ಹುಟ್ಟುತ್ತದೆ, ಹತ್ತು ವರ್ಷವಾಗುತ್ತದೆ, ಕಾಲೇಜಿನಿಂದ ಬರುತ್ತಾನೆ, ಕೊನೆಗೆ ತನ್ನದೇ ಸಂಸಾರ ಹೂಡಿ ದೂರ ಇದ್ದಾನೆ. ಮೊದಲೆರಡು ಸಲ ಪಲ್ಲವಿಯಲ್ಲಿ ‘ಯಾವಾಗ ಮನೆಗೆ ಬರ್ತೀಯಾ’ ಎಂದು ಕೇಳುವವನು ಮಗ. ಮೂರನೆಯ ಸಲದಿಂದ ಅಪ್ಪ. ರಾಗ ಅದೇ, ಉತ್ತರವೂ ಅದೇ ‘ಗೊತ್ತಿಲ್ಲ’; ಕರೆಯುವ ಹೆಸರು ಮಾತ್ರ ತಿರುಗಿದೆ. ಇದನ್ನು ಹಾಡುವ ಹೆಚ್ಚಿನವರು ಎಡವುವುದೂ ಇಲ್ಲಿಯೇ. ತಿರುವು ಬಂತು ಎಂದು ತೋರಿಸಲು ಮೂರನೆಯ ಪಲ್ಲವಿಯಲ್ಲಿ ದನಿ ನಡುಗಿಸುತ್ತಾರೆ. ನಡುಗಿಸಬಾರದು. ಆ ಅಪ್ಪನಿಗೆ ಇನ್ನೂ ಏನೂ ಗೊತ್ತಾಗಿಲ್ಲ. ಗೊತ್ತಾಗುವುದು ನಾಲ್ಕನೆಯ ಚರಣದ ಕೊನೆಗೆ, ಫೋನ್ ಕೆಳಗಿಟ್ಟ ಮೇಲೆ.

ನೀವು ಕೇಳಬೇಕಿದ್ದ ಪ್ರಶ್ನೆ ಇದು: ಕತೆಯನ್ನು ಯಾರ ಬಾಯಿಂದ ಹೇಳಿಸಿದ್ದಾನೆ, ಯಾಕೆ ಅವರಿಂದಲೇ?

‘ಮಿಸ್ಟರ್ ಟ್ಯಾನರ್’ ನೋಡಿ. ಓಹಾಯೋದ ಡೇಟನ್‌ನಲ್ಲಿ ಡ್ರೈಕ್ಲೀನಿಂಗ್ ಅಂಗಡಿ ಇಟ್ಟವನು, ಕೆಲಸ ಮಾಡುತ್ತಾ ಹಾಡಿಕೊಳ್ಳುವವನು. ಊರವರ ಒತ್ತಾಯಕ್ಕೆ ಕೂಡಿಟ್ಟ ಹಣವೆಲ್ಲ ಸುರಿದು ನ್ಯೂಯಾರ್ಕ್‌ನ ಟೌನ್ ಹಾಲ್‌ನಲ್ಲಿ ಕಛೇರಿ ಕೊಡುತ್ತಾನೆ. ವಿಮರ್ಶಕರು ನಾಲ್ಕು ಸಾಲಿನಲ್ಲಿ ಮುಗಿಸುತ್ತಾರೆ. ಮನೆಗೆ ಬಂದವನು ಮತ್ತೆ ಯಾರೆದುರೂ ಹಾಡುವುದಿಲ್ಲ, ಅಂಗಡಿ ಮುಚ್ಚಿದ ಮೇಲೆ ಕತ್ತಲಲ್ಲಿ ಬಟ್ಟೆ ವಿಂಗಡಿಸುವಾಗ ಬಿಟ್ಟರೆ. ಇದಕ್ಕೆ ಬೀಜ ಪತ್ರಿಕೆಯಲ್ಲಿ ಬಂದ ನಿಜವಾದ ಸಂಗೀತ ವಿಮರ್ಶೆ. ‘ಟ್ಯಾಕ್ಸಿ’ಯಲ್ಲಿ ‘ನಾನು’ ಎಂದು ಹಾಡಿದವನು ಇಲ್ಲಿ ‘ಅವನು’ ಎನ್ನುತ್ತಾನೆ. ಯಾಕೆಂದರೆ ಟ್ಯಾನರ್ ತನ್ನ ಸೋಲನ್ನು ತಾನೇ ಹೇಳಿಕೊಳ್ಳುವ ಜಾತಿಯ ಮನುಷ್ಯನೇ ಅಲ್ಲ. ಅವನ ಪರವಾಗಿ ಬೇರೆಯವರು ಹೇಳಬೇಕು. ಅವನದು ಎಂದು ಕೇಳಿಸುವುದು ಹಿನ್ನೆಲೆಯಲ್ಲಿ ಚಾಪಿನ್ ತಂಡದ ಬೇಸ್ ಗಿಟಾರ್ ವಾದಕ ಜಾನ್ ವಾಲೆಸ್ ಹಾಡುವ ಕ್ರಿಸ್‌ಮಸ್ ಗೀತೆಯೊಂದೇ. ಆ ದನಿ ಕೇಳಿದರೆ ವಿಮರ್ಶಕರು ಹೇಳಿದ್ದು ಸರಿಯೋ ತಪ್ಪೋ ಎಂದು ನೀವೇ ತೀರ್ಮಾನಿಸಬೇಕಾಗುತ್ತದೆ. ಮನೆಮಂದಿ ಮಲಗಿದ ಮೇಲೆ ಬರೆಯುವವರು, ನುಡಿಸುವವರು ಈ ಹಾಡನ್ನು ಎದೆಗೆ ಹಚ್ಚಿಕೊಂಡಿದ್ದರೆ ಅದು ನಿಜಘಟನೆ ಎಂಬ ಕಾರಣಕ್ಕಲ್ಲ.

ನಿಜವೇ ಬೇಕೆನ್ನುವವರಿಗೆ ‘30,000 ಪೌಂಡ್ಸ್ ಆಫ್ ಬನಾನಾಸ್’ ಇದೆ. 1965ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ನಲ್ಲಿ ಬಾಳೆಹಣ್ಣಿನ ಲಾರಿಯೊಂದು ಇಳಿಜಾರಿನಲ್ಲಿ ಹಿಡಿತ ತಪ್ಪಿ ಉರುಳಿತು. ಚಾಲಕ ಸತ್ತ. 30,000 ಪೌಂಡು ಎಂದರೆ ಸುಮಾರು ಹದಿಮೂರೂವರೆ ಟನ್. ಹಾಡು ವೇಗವಾಗಿದೆ, ಪ್ರಾಸ ಕುಣಿಯುತ್ತದೆ, ಸಭೆ ನಗುತ್ತಾ ದನಿಗೂಡಿಸುತ್ತದೆ. ಅಂದರೆ ಇವುಗಳಲ್ಲೆಲ್ಲ ತೀರಾ ನಿಜವಾದ ಸಾವು ಇರುವ ಹಾಡಿಗೇ ಜನ ಹೊಟ್ಟೆ ಹಿಡಿದು ನಗುವುದು. ‘ನಿಜವಾ?’ ಎಂದು ಕೇಳಿ ತಲೆದೂಗುವವರಿಗೆ ಇದನ್ನು ತೋರಿಸಬೇಕು ಅನಿಸುತ್ತದೆ.

ಇದನ್ನೂ ಯಾರು ಹೇಳುತ್ತಿದ್ದಾರೆ ನೋಡಿ. ಬಸ್ಸಿನಲ್ಲಿ ಸಿಕ್ಕ ಒಬ್ಬ ಪ್ರಯಾಣಿಕ ಹೇಳಿದ್ದನ್ನು ಹಾಡುಗಾರ ನಮಗೆ ದಾಟಿಸುತ್ತಿದ್ದಾನೆ. ಆ ಪ್ರಯಾಣಿಕನಿಗೆ ಬೆರಗಾದದ್ದು ಅಷ್ಟೊಂದು ಬಾಳೆಹಣ್ಣು. ಕೊನೆಗೆ ಬರುವಾಗ ಚಾಲಕ ಇಲ್ಲ, ಬರೀ ಹಣ್ಣು. 1976ರಲ್ಲಿ ಬಂದ ವೇದಿಕೆಯ ಧ್ವನಿಮುದ್ರಣದಲ್ಲಿ ಚಾಪಿನ್ ತಾನು ಪ್ರಯತ್ನಿಸಿ ಬಿಟ್ಟ ಬೇರೆ ಮುಕ್ತಾಯಗಳನ್ನೂ ಹಾಡಿ ತೋರಿಸುತ್ತಾನೆ. ಒಂದರಲ್ಲಿ ಹೆಂಗಸೊಬ್ಬಳು ಮಲಗಿದ ಮಗುವಿನ ಪಕ್ಕ ಕೂತು ಸದ್ದಿಲ್ಲದೆ ಅಳುತ್ತಾಳೆ. ಅವಳು ಬಾಳೆಹಣ್ಣು ಮುಟ್ಟುವುದಿಲ್ಲ. ವಾದ್ಯದವರು ಇದು ಚೆನ್ನಾಗಿಲ್ಲ ಎಂದು ಅಲ್ಲೇ ತಳ್ಳಿಹಾಕುತ್ತಾರೆ, ಸಭೆ ಮತ್ತೆ ನಗುತ್ತದೆ. ಮೊದಲು ಸ್ಟುಡಿಯೋದ್ದು ಕೇಳಿ, ಆಮೇಲೆ ಇದನ್ನು. ಎರಡನೆಯದರಲ್ಲಿ ನೀವು ಎಲ್ಲಿ ನಗುವುದನ್ನು ನಿಲ್ಲಿಸಿದಿರಿ ಎಂದು ಬಂದು ಹೇಳಿ. ಅದನ್ನು ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡಲು ನಾನು ಸಿದ್ಧ.