ಬಂದರಿನ ಟನ್ ಲೆಕ್ಕವನ್ನು ಓದುವ ಬಗೆ

ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ರಫ್ತು-ಆಮದಿನ ಕಸ್ಟಮ್ಸ್ ಕ್ಲಿಯರೆನ್ಸ್ ಕೆಲಸ ಮಾಡುತ್ತಾ ನಾನು ಕಲಿತದ್ದೇನೆಂದರೆ, ಬಂದರು ವರ್ಷಕ್ಕೆ ಎಷ್ಟು ಟನ್ ಸರಕು ಸಾಗಿಸಿತು ಎಂಬ ಒಂದೇ ಅಂಕಿಯಿಂದ ಸುತ್ತಲಿನ ಜಿಲ್ಲೆಗಳ ಗಳಿಕೆಯನ್ನು ಅಳೆಯಲಾಗದು.

1975ರಲ್ಲಿ ಉದ್ಘಾಟನೆಯಾದ ಈ ಬಂದರಿಗೆ ಬಹುಕಾಲ ಆಸರೆಯಾಗಿದ್ದುದು ಕುದುರೆಮುಖದ ಕಬ್ಬಿಣದ ಅದಿರು. ನೀರಿನಲ್ಲಿ ಕಲಸಿದ ಅದಿರು ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಬರುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಅದಿರಿನ ಪುಡಿಯನ್ನು ಉಂಡೆ (ಪೆಲೆಟ್) ಕಟ್ಟುವ ಇಲ್ಲಿನ ಕಾರ್ಖಾನೆಗೆ ಹೊರರಾಜ್ಯದ ಅದಿರು ಹಡಗಿನಲ್ಲಿ ಬರತೊಡಗಿತು. ಬರುವಾಗ ಅದಿರೆಂದು ಒಮ್ಮೆ, ಪೆಲೆಟ್ ಆಗಿ ಹಡಗೇರುವಾಗ ಮತ್ತೊಮ್ಮೆ, ಹೀಗೆ ಒಂದೇ ಸರಕು ಬಂದರಿನ ಲೆಕ್ಕಕ್ಕೆ ಎರಡು ಸಲ ಸೇರುತ್ತದೆ. ಆದರೆ ಗಣಿಯನ್ನೇ ನಂಬಿದ್ದ ಕುದುರೆಮುಖಕ್ಕೆ ಅದರಿಂದ ಒಂದು ದಿನದ ಕೂಲಿಯೂ ಹುಟ್ಟುವುದಿಲ್ಲ.

ಎಂಆರ್‌ಪಿಎಲ್‌ನ ಕಚ್ಚಾ ತೈಲದ್ದು ಇನ್ನೊಂದು ಬಗೆ. ವರ್ಷಕ್ಕೆ 1.5 ಕೋಟಿ ಟನ್ ಸಂಸ್ಕರಿಸಬಲ್ಲ ಆ ತೈಲ ಶುದ್ಧೀಕರಣ ಕಾರ್ಖಾನೆಗೆ ಹಡಗಿನಿಂದ ಇಳಿದ ತೈಲ ಕೊಳವೆಯಲ್ಲೇ ಸಾಗುವುದರಿಂದ ಟನ್ ಏರುತ್ತದೆಯೇ ಹೊರತು ಲಾರಿಗಳ ಸಾಲು ಬೆಳೆಯುವುದಿಲ್ಲ.

ಕಾಫಿಯ ಕಂಟೇನರ್ ನೋಡಿ. 60 ಕಿಲೋದ 320 ಚೀಲಗಳನ್ನು ಜೋಡಿಸಿದರೆ ಇಪ್ಪತ್ತು ಅಡಿಯ ಪೆಟ್ಟಿಗೆಯಲ್ಲಿ 19.2 ಟನ್ ಕೂರುತ್ತದೆ. ತೈಲದ ಎದುರು ಇದು ಲೆಕ್ಕಕ್ಕೇ ಸಿಗದ ತೂಕ. ಆದರೂ ಅದರ ಹಿಂದೆ ಚಿಕ್ಕಮಗಳೂರು, ಕೊಡಗು, ಹಾಸನದ ತೋಟಗಳಲ್ಲಿ ಹಣ್ಣು ಕೊಯ್ದವರು, ಒಣಗಿದ ಕಾಫಿಯ ಸಿಪ್ಪೆ ತೆಗೆದು ಹದಗೊಳಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಹೆಂಗಸರು, ಲಾರಿ ಚಾಲಕರು, ಹಮಾಲರು ಇದ್ದಾರೆ. ತುಂಬುವ ಮೊದಲು ನಮ್ಮವರು ಖಾಲಿ ಪೆಟ್ಟಿಗೆಯೊಳಗೆ ನಿಂತು ಬಾಗಿಲು ಮುಚ್ಚಿಸಿಕೊಳ್ಳುತ್ತಾರೆ. ಎಲ್ಲಿಂದಲಾದರೂ ಬೆಳಕು ತೂರಿಬಂದರೆ, ಇಲ್ಲವೇ ಹಿಂದಿನ ಸರಕಿನ ವಾಸನೆ ಮೂಗಿಗೆ ಬಡಿದರೆ ಆ ಪೆಟ್ಟಿಗೆ ವಾಪಸು, ಏಕೆಂದರೆ ಕಾಫಿ ತೇವವನ್ನೂ ವಾಸನೆಯನ್ನೂ ಬೇಗ ಹೀರುತ್ತದೆ.

ಆ ಖಾಲಿ ಪೆಟ್ಟಿಗೆ ಬರುವುದಾದರೂ ಎಲ್ಲಿಂದ? ಕರಾವಳಿಯ ಗೇರು ಕಾರ್ಖಾನೆಗಳಿಗಾಗಿ ಆಫ್ರಿಕಾದಿಂದ ಕಚ್ಚಾ ಗೇರುಬೀಜ ತಂದ ಕಂಟೇನರುಗಳು ಇಲ್ಲಿ ಬರಿದಾಗುತ್ತವೆ. ಗೇರಿನ ಆಮದು ಕುಗ್ಗಿದರೆ ಕಾಫಿ ರಫ್ತುದಾರನಿಗೆ ಬೇರೆ ಬಂದರಿನಿಂದ ಖಾಲಿ ಪೆಟ್ಟಿಗೆ ತರಿಸುವ ಖರ್ಚು ಬೀಳಬಹುದು, ಘಟ್ಟದ ಮೇಲಿನ ಬೆಳೆಗಾರನಿಗೂ ಅದರ ಬಿಸಿ ತಟ್ಟಬಹುದು. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಗುಡ್ಡ ಜರಿದು ರಸ್ತೆ ಮುಚ್ಚಿದರಂತೂ ಲಾರಿ ಸುತ್ತುಬಳಸಿ ಬರಬೇಕು, ಹಡಗು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಆ ತಿಂಗಳ ಒಟ್ಟು ಟನ್ ಮಾತ್ರ ತೈಲದ ಬಲದಿಂದ ಎಂದಿನಂತೆಯೇ ಕಾಣಬಹುದು.