ಕೊರೋನಾ ಕಂಡವರಿಗೆ ಹಳೆಯ ಪ್ಲೇಗಿನ ಕಾದಂಬರಿ ಏಕೆ?

ಲಸಿಕೆ, ಐಸಿಯು, ಆರೋಗ್ಯ ಸೇತು ಎಲ್ಲವನ್ನೂ ಕಂಡ ಮೇಲೆ ಹಳೆಯ ಪ್ಲೇಗಿನ ಕಾದಂಬರಿಗಳಲ್ಲಿ ನಮಗೇನು ಸಿಗುತ್ತದೆ ಎಂದು ಹಲವರು ಕೇಳುತ್ತಾರೆ. ಹಾಗೆ ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಫ್ರೆಂಚ್ ಲೇಖಕ ಆಲ್ಬೆರ್ ಕಮೂನ ‘ಪ್ಲೇಗ್’ ಇರುತ್ತದೆ. ದೊಡ್ಡ ಕೃತಿ, ಅನುಮಾನವಿಲ್ಲ. ಆದರೆ ಅಲ್ಲಿನ ರೋಗದ ಬೆನ್ನಿಗೆ ನಾಜಿ ಆಕ್ರಮಣದ ನೆರಳಿದೆ. ರೋಗವನ್ನು ರೋಗವಾಗಿಯೇ ನೋಡಬೇಕೆನ್ನುವವರಿಗೆ ನಾನು ಹೇಳುವ ಹೆಸರು ಇಂಗ್ಲಿಷ್ ಲೇಖಕ ಡೇನಿಯಲ್ ಡಿಫೋನ ‘ಎ ಜರ್ನಲ್ ಆಫ್ ದ ಪ್ಲೇಗ್ ಇಯರ್’.

1665ರ ಲಂಡನ್ ಪ್ಲೇಗಿನ ಈ ಕಥೆ ಅಚ್ಚಾದದ್ದು 1722ರಲ್ಲಿ. ಪ್ಲೇಗ್ ಬಂದಾಗ ಡಿಫೋ ಇನ್ನೂ ಐದರ ಆಸುಪಾಸಿನ ಹುಡುಗ. ಆದರೂ ಕುದುರೆಯ ಜೀನು ಮಾರುವ ಒಬ್ಬ ವ್ಯಾಪಾರಿಯ ಬಾಯಲ್ಲಿ ಎಲ್ಲವನ್ನೂ ಕಣ್ಣಾರೆ ಕಂಡಂತೆ ಹೇಳಿಸುತ್ತಾನೆ. ಈ ವ್ಯಾಪಾರಿಗೆ ಒಂದು ಗೀಳು: ಚರ್ಚಿನ ವಲಯಗಳಿಂದ ವಾರವಾರವೂ ಬರುವ ಸಾವಿನ ಪಟ್ಟಿ. ಪಟ್ಟಿಯಲ್ಲಿ ಪ್ಲೇಗಿನ ಸಾವು ಬೆರಳೆಣಿಕೆಯಷ್ಟು. ಆದರೆ ಸೇಂಟ್ ಜೈಲ್ಸ್ ವಲಯದಲ್ಲಿ ಹೂಳುವ ಹೆಣಗಳ ಒಟ್ಟು ಲೆಕ್ಕ ಮಾತ್ರ ಎಂದಿಗಿಂತ ಏರುತ್ತಿದೆ. ಕಾರಣದ ಅಂಕಣವನ್ನು ನಂಬದೆ ಅವನು ಒಟ್ಟು ಮೊತ್ತವನ್ನು ನೋಡುತ್ತಾನೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ್ದೂ ಮೂಲದಲ್ಲಿ ಇದನ್ನೇ. 2020 ಮತ್ತು 2021ರಲ್ಲಿ ದೇಶಗಳು ವರದಿ ಮಾಡಿದ ಕೋವಿಡ್ ಸಾವು ಸುಮಾರು 54 ಲಕ್ಷ. ಸಂಸ್ಥೆ ಅಂದಾಜಿಸಿದ ಹೆಚ್ಚುವರಿ ಸಾವು, ಎಂದರೆ ಸಾಂಕ್ರಾಮಿಕವಿಲ್ಲದಿದ್ದರೆ ಆಗಬಹುದಾಗಿದ್ದಕ್ಕಿಂತ ಹೆಚ್ಚಾದ ಸಾವು, ಸುಮಾರು ಒಂದೂವರೆ ಕೋಟಿ.

ಲಂಡನ್ನಿನ ಲೆಕ್ಕ ತಪ್ಪಿದ್ದೇಕೆ ಎಂಬುದೂ ಪುಸ್ತಕದಲ್ಲಿದೆ. ಒಬ್ಬರಿಗೆ ರೋಗವೆಂದು ತಿಳಿದರೆ ಮನೆಮಂದಿಯನ್ನೆಲ್ಲ ಒಳಗಿಟ್ಟು ಬೀಗ, ಬಾಗಿಲ ಮೇಲೆ ಕೆಂಪು ಶಿಲುಬೆ, ಹೊರಗೆ ಹಗಲಿರುಳು ಕಾವಲು. ಹೀಗಿರುವಾಗ ಯಾರು ನಿಜ ಹೇಳುತ್ತಾರೆ? ಲಂಚ ಕೊಟ್ಟು ಬೇರೆ ಜ್ವರದ ಹೆಸರು ಬರೆಸುತ್ತಿದ್ದರು. ಬಾಗಿಲಿಗೆ ಕ್ವಾರಂಟೈನ್ ನೋಟಿಸ್ ಅಂಟಿಸಿಕೊಂಡ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ಪ್ಲೇಗಿನಿಂದ ಇಲಿಗಳು ಕಣ್ಣೆದುರೇ ಸಾಯುತ್ತಿದ್ದರೂ ಅಗ್ರಹಾರದವರು ಅದನ್ನು ಸಂಸ್ಕಾರವಾಗದೆ ಉಳಿದ ನಾರಣಪ್ಪನ ಹೆಣದ ತಲೆಗೆ ಕಟ್ಟುತ್ತಾರೆ. ಅದು ಬೇರೆಯದೇ ಕುರುಡು, ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಔಷಧದ ವಿಷಯದಲ್ಲಿ ಡಿಫೋ ನಮಗೆ ಏನನ್ನೂ ಕಲಿಸಲಾರ. ಆದರೆ ಪಟ್ಟಿಯ ಅಂಕಿ ಇಳಿದದ್ದೇ ತಡ ಜನ ಅಂಗಡಿ ತೆರೆದು, ರೋಗಿಗಳ ಜತೆಯೂ ಕುಳಿತು ಹರಟಿದ್ದನ್ನು, ನವೆಂಬರಿನ ಮೊದಲ ವಾರದಲ್ಲೇ ಸಾವು ಮತ್ತೆ ನಾನ್ನೂರು ಏರಿದ್ದನ್ನು ಅವನು ಬರೆದಿದ್ದಾನೆ. 2021ರ ಫೆಬ್ರವರಿಯಲ್ಲಿ ನಾವು ಹೇಗಿದ್ದೆವು, ಏಪ್ರಿಲ್‌ನಲ್ಲಿ ಏನಾಯಿತು ಎಂದು ನೆನಪಿರುವವರು ಇಡೀ ಪುಸ್ತಕ ಓದದಿದ್ದರೂ ಆ ಪುಟಗಳನ್ನಾದರೂ ಓದಲಿ. ಕೊನೆಯ ಭಾಗದಲ್ಲಿವೆ, ಪುಸ್ತಕಕ್ಕೆ ಅಧ್ಯಾಯಗಳೇ ಇಲ್ಲವಾದ್ದರಿಂದ ಸ್ವಲ್ಪ ಹುಡುಕಬೇಕಾಗುತ್ತದೆ.