64ಕ್ಕೆ 64

ನವೆಂಬರ್ 15, 2025, ಶನಿವಾರ
ದಾವಣಗೆರೆ

ಆಫೀಸಿಗೆ ಬಂದವಳೇ ಮೊದಲು ಏಜೆಂಟ್‌ನ ವರದಿ ತೆರೆದೆ. ನಮ್ಮ ಲೆಕ್ಕಪತ್ರದ ಆಫೀಸಿನಲ್ಲಿ ಎಐ ಏಜೆಂಟ್ ಒಂದು ತಿಂಗಳ ಕೆಲಸವನ್ನು ಪೂರ್ತಿ ತಾನೇ ನಡೆಸಿದ್ದು ಇದೇ ಮೊದಲು. ಒಂದು ಸ್ವೀಟ್ ಅಂಗಡಿಯ ಅಕ್ಟೋಬರ್ ಖರೀದಿ ಬಿಲ್‌ಗಳನ್ನು ಓದಬೇಕು, ಶೀಟಿಗೆ ಏರಿಸಬೇಕು, ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ಹಾಕಿದ ರಿಟರ್ನ್‌ನಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಖರೀದಿ ಪಟ್ಟಿ) ಜೊತೆ ತಾಳೆ ನೋಡಬೇಕು. ತಾಳೆಯಾಗದ ಕಡೆ ಸಪ್ಲೈಯರ್‌ಗೆ ಮೇಲ್ ಬರೆದಿಡಬೇಕು. ವರದಿಯಲ್ಲಿ ಇದ್ದದ್ದು ಇಷ್ಟೇ: ಫೈಲ್ 64, ಸಾಲು 64, ದೋಷ 0. ಪಕ್ಕದಲ್ಲಿ ಹಸಿರು ಟಿಕ್.

ಏಜೆಂಟ್ ಯಾವಾಗ ಏನು ಮಾಡಿತು ಅಂತ ದಾಖಲಾಗುವ ಲಾಗ್ ನೋಡಿದಾಗ ಎದೆ ಧಸಕ್ ಎಂದಿತು. ಕೆಲಸ ಶುರುವಾದದ್ದು 14ರ ರಾತ್ರಿ 8:30ಕ್ಕೆ ಅಂತಿದೆ. ನಾನು 2ಬಿ ಇಳಿಸಿ ಫೋಲ್ಡರಿಗೆ ಹಾಕಿದ್ದೇ 9 ಗಂಟೆಗೆ! ಹಾಗಾದರೆ ಯಾವುದರ ಜೊತೆ ತಾಳೆ ನೋಡಿತು? ಆಮೇಲೆ ಹೊಳೆಯಿತು, ಆ ಗಡಿಯಾರ ಯುಟಿಸಿಯದು, ಅಂದರೆ ಅಂತರರಾಷ್ಟ್ರೀಯ ಸಮಯದ್ದು. ಐದೂವರೆ ಗಂಟೆ ಕೂಡಿಸಿದರೆ ನಾನು ಹೇಳಿಟ್ಟಿದ್ದ ರಾತ್ರಿ 2 ಗಂಟೆಯೇ ಆಗುತ್ತದೆ. ಅದು ಸರಿಯಾಗಿತ್ತು.

ಆದರೆ ಕೆಲಸ ಮಾಡಿದವರೇ ಬರೆದ ವರದಿಯನ್ನು ನೋಡಿ ಸಹಿ ಹಾಕುವ ಪದ್ಧತಿ ನಮ್ಮ ಕಸುಬಿನಲ್ಲಿ ಇಲ್ಲ. ಮೂಲ ಬಿಲ್‌ಗಳನ್ನು ಒಂದೊಂದಾಗಿ ತೆರೆದು ಶೀಟಿನ ಜೊತೆ ಹೋಲಿಸುತ್ತಾ ಕೂತೆ. ಹನ್ನೊಂದನೇ ಫೈಲಿನಲ್ಲಿ ಮೂರು ಪುಟ. ಮೈದಾ ಸಕ್ಕರೆ ಕೊಡುವವರು ಮೂರು ಬಿಲ್ ಒಟ್ಟಿಗೆ ಸ್ಕ್ಯಾನ್ ಮಾಡಿ ಕಳಿಸಿದ್ದಾರೆ. ಏಜೆಂಟ್ ಮೊದಲನೆಯದನ್ನು ಮಾತ್ರ ಬರೆದುಕೊಂಡಿದೆ. ಇನ್ನೊಂದು ಕಡೆ, ಸ್ವೀಟ್ ಬಾಕ್ಸಿನ ಒಂದೇ ಬಿಲ್ ಪಿಡಿಎಫ್ ಆಗಿಯೂ ಫೋಟೋ ಆಗಿಯೂ ಬಂದಿದೆ. ಅದು ಎರಡು ಸಾಲಾಗಿದೆ. ಅಂದರೆ ಇದ್ದ ಬಿಲ್ 65, ಶೀಟಿಗೆ ಬಂದದ್ದು 63. ಅದು ಎಣಿಸಿದ್ದು ಫೈಲುಗಳನ್ನು. ಅದಕ್ಕೇ ಲೆಕ್ಕ ಅಷ್ಟು ಚೆನ್ನಾಗಿ ಕೂತಿತ್ತು.

ತುಪ್ಪದ ಬಿಲ್ ನೋಡಿದಾಗ ಮಾತ್ರ ನಿಜಕ್ಕೂ ಭಯವಾಯಿತು. ಬಿಲ್‌ನಲ್ಲಿ 18,000 ರೂಪಾಯಿ ಮಾಲು, ಶೇ. 5 ತೆರಿಗೆ, 900 ರೂಪಾಯಿ ಅಂತ ಸ್ಪಷ್ಟವಾಗಿ ಅಚ್ಚಾಗಿದೆ. ಶೀಟಿನಲ್ಲಿ ಶೇ. 12, 2,160 ರೂಪಾಯಿ! ಪ್ರತಿ ಹೆಜ್ಜೆಯ ಲಾಗ್ ಬಿಚ್ಚಿ ನೋಡಿದೆ. 'ತುಪ್ಪದ ದರ 12, ಬಿಲ್‌ನಲ್ಲಿ ತಪ್ಪಾಗಿದೆ, ಸರಿಪಡಿಸಿದೆ' ಅಂತ ತಾನೇ ಬರೆದುಕೊಂಡಿದೆ. ಸೆಪ್ಟೆಂಬರ್ 22ರಿಂದ ಶೇ. 12ರ ಹಂತವೇ ಹೋಯಿತು. ತುಪ್ಪ, ಬೆಣ್ಣೆ ಎರಡೂ 5ಕ್ಕೆ ಇಳಿದವು. ಅದು ಕಲಿತದ್ದು ಹಳೆಯ ದರ. ಆ ನೆನಪಿನ ಮೇಲೆ ಕಣ್ಣೆದುರಿನ ಬಿಲ್ಲನ್ನೇ ತಿದ್ದಿಬಿಟ್ಟಿದೆ. ಗೊತ್ತಿಲ್ಲದ್ದನ್ನು ಬಿಟ್ಟಿದ್ದರೆ ನನಗೆ ಇಷ್ಟು ಬೇಸರ ಆಗುತ್ತಿರಲಿಲ್ಲ. ಹಾಗೇ 3ಬಿಗೆ, ಅಂದರೆ ಅಂಗಡಿಯ ತಿಂಗಳ ಜಿಎಸ್‌ಟಿ ರಿಟರ್ನ್‌ಗೆ, ಹೋಗಿದ್ದರೆ ಖರೀದಿಯಲ್ಲಿ ಕೊಟ್ಟ ತೆರಿಗೆ ಅಂತ 1,260 ರೂಪಾಯಿ ಜಾಸ್ತಿ ಕ್ರೆಡಿಟ್ ತೆಗೆದುಕೊಂಡಂತೆ ಆಗುತ್ತಿತ್ತು. ನೋಟಿಸ್ ಬರುವುದು ಅಂಗಡಿಯವರ ಹೆಸರಿಗೆ.

2ಬಿಯಲ್ಲಿ 900 ಅಂತಲೇ ಇತ್ತು. ಏಜೆಂಟ್ ಅದನ್ನು ನೋಡಿ ನಿಲ್ಲಲಿಲ್ಲ. ತುಪ್ಪದವರು ರಿಟರ್ನ್ ತಪ್ಪು ಹಾಕಿದ್ದಾರೆ ಅಂತ ಅವರಿಗೆ ಮೇಲ್ ಬರೆದಿಟ್ಟಿದೆ. ಮೈದಾದವರಿಗೂ ಒಂದು ಮೇಲ್ ಸಿದ್ಧವಾಗಿದೆ: 'ನಿಮ್ಮ ಎರಡು ಬಿಲ್ ಬಂದಿಲ್ಲ, ಕೂಡಲೇ ಕಳಿಸಿ.' ಎರಡೂ ಡ್ರಾಫ್ಟಿನಲ್ಲೇ ಇದ್ದವು. ಕಳಿಸುವ ಅನುಮತಿಯನ್ನು ನಾನು ಕೊಟ್ಟಿರಲಿಲ್ಲ. ವರ್ಷಾನುಗಟ್ಟಲೆ ಸರಿಯಾಗಿ ಲೆಕ್ಕ ಕೊಟ್ಟವರಿಗೆ ಇಂಥ ಮೇಲ್ ಹೋಗಿದ್ದರೆ ಎಷ್ಟು ನೋವಾಗುತ್ತಿತ್ತು, ಅಲ್ವಾ? ಈ ಅನುಮತಿ ಮುಂದೆಯೂ ಕೊಡುವುದಿಲ್ಲ.

ಮಧ್ಯಾಹ್ನ ಸೂಚನೆ ಹೊಸದಾಗಿ ಬರೆದೆ. ಪ್ರತಿ ಪುಟವನ್ನೂ ನೋಡು. ಜಿಎಸ್‌ಟಿ ನಂಬರ್, ಬಿಲ್ ನಂಬರ್ ಎರಡೂ ಒಂದೇ ಆದರೆ ಮತ್ತೆ ಏರಿಸಬೇಡ. ಮಾಲಿನ ಬೆಲೆಗೆ ತೆರಿಗೆ ಕೂಡಿಸಿದರೆ ಬಿಲ್‌ನ ಮೊತ್ತ ಬರಬೇಕು. ಜಿಎಸ್‌ಟಿ ನಂಬರಿನ ಮೂರರಿಂದ ಏಳನೇ ಜಾಗದ ತನಕ ಅಕ್ಷರವೇ ಇರಬೇಕು, ಅಲ್ಲಿ ಸೊನ್ನೆ ಕಂಡರೆ ಓದಿದ್ದು ತಪ್ಪು. ಬಿಲ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆ, ಅನುಮಾನ ಬಂದರೆ ಖಾಲಿ ಬಿಟ್ಟು ನನಗೆ ಹೇಳು. ಅದೇ 64 ಫೈಲ್ ಕೊಟ್ಟು ಮತ್ತೆ ಓಡಿಸಿದೆ. ಈ ಸಲ 65 ಸಾಲು ಬಂತು. ತುಪ್ಪ 900. ನಾಲ್ಕು ಕಡೆ ಖಾಲಿ. ಆ ಖಾಲಿ ಜಾಗ ನೋಡಿ ಖುಷಿಯಾಯಿತು. ರಾತ್ರಿಯ ರನ್‌ನಲ್ಲಿ ಅದೇ ನಾಲ್ಕು ಕಡೆ ಯಾವುದೋ ಅಂಕಿ ತುಂಬಿತ್ತು. ಅದರಲ್ಲಿ ಎರಡು ತಪ್ಪು.

ಮೂರನ್ನು ಫೋಟೋ ದೊಡ್ಡದು ಮಾಡಿ ನಾನೇ ಓದಿದೆ. ಗೋಡಂಬಿಯ ಬಿಲ್ ಮಾತ್ರ ಮಸುಕು. 3ಬಿಗೆ 20ರ ತನಕ ಸಮಯ ಇದೆ, ಆದರೂ ಸಂಜೆ ಸ್ವೀಟ್ ಅಂಗಡಿಗೇ ಹೋದೆ. 'ಫೋನ್ ಮಾಡಿದ್ರೆ ಹೇಳ್ತಿದ್ದೆ, ಮೇಡಂ' ಎನ್ನುತ್ತಾ ಅಂಗಡಿಯವರು ಗಲ್ಲಾದ ಪಕ್ಕದ ತಂತಿಗೆ ಚುಚ್ಚಿದ್ದ ಬಿಲ್‌ಗಳನ್ನು ಒಂದೊಂದಾಗಿ ತೆಗೆದರು. ಟಾರ್ಚ್ ಹಾಕಿ ನೋಡಿದೆವು. ತಂತಿ ಚುಚ್ಚಿದ ತೂತು ಸರಿಯಾಗಿ ಅಂಕಿಯ ಪಕ್ಕದಲ್ಲೇ ಇತ್ತು. 3 ಅಲ್ಲ, 8.